ಹಸ್ತೆ ಎಲ್ಲಿದೆ?

"ರಾತ್ರಿ 2 ಗಂಟೆ 47 ನಿಮಿಷಕ್ಕೆ ನೀವು ಎಚ್ಚರವಾಗಿದ್ದಿರಾ?" ಎಂದು ಅವರು ಕೇಳಿದಾಗ ನಾನು ನಕ್ಕೆ. ಕೋಣೆಯಲ್ಲಿದ್ದ ಏಳು ಜನರಲ್ಲಿ ನಕ್ಕವನು ನಾನೊಬ್ಬನೇ. ಮಂಗಳವಾರ ನಡೆದದ್ದು ಇಷ್ಟೇ ಎಂದರೂ ನಡೆದೀತು. ಆದರೆ ಇಂದು ಶನಿವಾರ, ಆ ನಗು ಒಣಗಿದ ಗಂಧದ ಹಾಗೆ ಇನ್ನೂ ಮುಖದ ಮೇಲೆ ಬಿಗಿದುಕೊಂಡಿದೆ.

ಕೇಳಿದವರು ಒಂದು ಹಣಕಾಸು ಸಂಸ್ಥೆಯ ಮಾಹಿತಿ ಭದ್ರತೆಯ ಮುಖ್ಯಸ್ಥೆ. ಬ್ಯಾಂಕಿನ ತಪಾಸಣಾ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತಿಯ ಅನಂತರ ಈ ಕೆಲಸಕ್ಕೆ ಬಂದವರು. ಅವರ ಎದುರಿಗೆ ಕುಳಿತುಕೊಳ್ಳುವ ಅವಕಾಶಕ್ಕಾಗಿ ನಾವು ಮೂರು ತಿಂಗಳು ಅಲೆದಿದ್ದೆವು. ನಾವು ಎಂದರೆ ಜಯನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ ಕುಳಿತು, ಎಐ ಏಜೆಂಟುಗಳ ಗುರುತನ್ನು ದೃಢೀಕರಿಸುವ ತಂತ್ರಾಂಶ ಕಟ್ಟುತ್ತಿರುವ ಆರು ಜನ. ಏಜೆಂಟ್ ಎಂಬ ಪದ ಈಗ ಎಲ್ಲರ ಬಾಯಲ್ಲೂ ಇರುವುದರಿಂದ ವಿವರಿಸುವ ಅಗತ್ಯವಿಲ್ಲ, ನಿಮ್ಮ ಪರವಾಗಿ ಮೇಲ್ ಓದಿ, ಕಡತ ಹುಡುಕಿ, ಬಿಲ್ ಕಳಿಸಿ, ಟಿಕೆಟ್ ಕಾಯ್ದಿರಿಸುವ ಆ ತಂತ್ರಾಂಶವು ಬಾಗಿಲು ತಟ್ಟಿದಾಗ, ಒಳಗಿನವರು "ಯಾರು?" ಎಂದು ಕೇಳಬೇಕಲ್ಲ, ಆ ಪ್ರಶ್ನೆಗೆ ನಂಬಬಹುದಾದ ಉತ್ತರ ಸಿಗುವಂತೆ ಮಾಡುವುದು ನಮ್ಮ ಕಸುಬು.

ಈ ಕಸುಬನ್ನು ಗಿರಾಕಿಗಳಿಗೆ ಅರ್ಥ ಮಾಡಿಸಲು ಒಂದು ವರ್ಷದಿಂದ ನಾನು ಹೇಳುತ್ತಿರುವುದು ನನ್ನ ಅಪ್ಪನ ಅಂಗಡಿಯ ಕಥೆ. ಗದಗಿನಲ್ಲಿ ನಮ್ಮದೊಂದು ಕಿರಾಣಿ ಅಂಗಡಿಯಿತ್ತು. ಉದ್ರಿ ಗಿರಾಕಿಗಳು ತಾವೇ ಬರುತ್ತಿದ್ದದ್ದು ಅಪರೂಪ. ಮಕ್ಕಳ ಕೈಯಲ್ಲೋ ಆಳಿನ ಕೈಯಲ್ಲೋ ಚೀಟಿ ಕಳಿಸುತ್ತಿದ್ದರು. ಅಪ್ಪ ಸಾಮಾನು ಕೊಟ್ಟು, ಕೆಂಪು ಬಟ್ಟೆಯ ರಟ್ಟಿನ ವಹಿಯನ್ನು ತೆರೆದು, ಗಿರಾಕಿಯ ಖಾತೆಯಲ್ಲಿ ಬೆಲ್ಲ ಇಷ್ಟು, ಶೇಂಗಾ ಎಣ್ಣೆ ಇಷ್ಟು ಎಂದು ಬರೆದು, ಸಾಲಿನ ಕೊನೆಗೆ, ಯಾರ ಕೈಯಲ್ಲಿ ಹೋಯಿತು ಎಂದು ತಿಳಿಸುವ ಒಂದು ಪದವನ್ನು ತಪ್ಪದೆ ಸೇರಿಸುತ್ತಿದ್ದರು: "ಹಸ್ತೆ". ಹಸ್ತೆ ಮಗ, ಹಸ್ತೆ ಆಳು, ಹಸ್ತೆ ಸ್ವತಃ. ಬೆಂಗಳೂರಿನ ಕಡೆ ಮಾರ್ಫತ್ ಎಂದು ಬರೆಯುವುದನ್ನು ನೋಡಿದ್ದೇನೆ. ನಮ್ಮ ಕಡೆ ಹಸ್ತೆಯೇ. ಒಮ್ಮೆ ಒಬ್ಬ ಮಾಸ್ತರರು ತಿಂಗಳ ಕೊನೆಗೆ ಲೆಕ್ಕ ನೋಡಿ, "ಪೆಪ್ಪರಮಿಂಟು ನಾ ತರಿಸಿಲ್ಲರಿ" ಎಂದು ಜಗಳ ತೆಗೆದರು. ಅಪ್ಪ ಮಾತಾಡದೆ ವಹಿಯನ್ನು ಅವರ ಕಡೆಗೆ ತಿರುಗಿಸಿದರು. ಸಾಲಿನ ಕೊನೆಗೆ "ಹಸ್ತೆ ಮಗ" ಎಂದಿತ್ತು. ಮಾಸ್ತರರು ದುಡ್ಡು ಕೊಟ್ಟು ಮನೆಗೆ ಹೋದರು. ಮರುದಿನದಿಂದ ಅವರ ಚೀಟಿಯ ಅಡಿಯಲ್ಲಿ "ಇಷ್ಟ ಕೊಡ್ರಿ, ಬ್ಯಾರೆ ಏನೂ ಕೊಡಬ್ಯಾಡ್ರಿ" ಎಂಬ ಗೆರೆ ಸೇರಿತು. ನಮ್ಮ ಇಡೀ ಉದ್ಯಮ ಈ ಎರಡು ಗೆರೆಗಳಲ್ಲಿದೆ ಎಂದು ಹೇಳಿ ನಾನು ಮಾತು ಮುಗಿಸುತ್ತೇನೆ, ಕೇಳಿದವರು ತಲೆದೂಗುತ್ತಾರೆ.

ಮಂಗಳವಾರವೂ ಹಾಗೆಯೇ ಹೇಳಿದೆ. ಆಕೆ ಮಾತ್ರ ತಲೆದೂಗಲಿಲ್ಲ, ಬರೆದುಕೊಂಡರು. ಪ್ರದರ್ಶನಕ್ಕೆಂದು ನಾವು ಸಿದ್ಧಪಡಿಸಿಕೊಂಡಿದ್ದ ಕಾಲ್ಪನಿಕ ಕಂಪನಿಯ ದಾಖಲೆಗಳನ್ನು ಎರಡು ನಿಮಿಷ ನೋಡಿ, "ಇದು ಬೇಡ. ನಿಮ್ಮ ಕಂಪನಿಯಲ್ಲೇ ಇದನ್ನು ಬಳಸುತ್ತೀರಲ್ಲ, ಅದನ್ನು ತೋರಿಸಿ" ಎಂದರು. ನನ್ನ ಪಾಲುದಾರ ಮೇಜಿನ ಕೆಳಗೆ ನನ್ನ ಕಾಲನ್ನು ಒತ್ತಿದ. ಅದು "ಬೇಡ" ಎಂಬ ಸೂಚನೆಯೆಂದು ನನಗೆ ತಿಳಿಯಲಿಲ್ಲ, ಅಥವಾ ತಿಳಿದೂ ಹೆಮ್ಮೆ ಬಿಡಲಿಲ್ಲ. ತೆರೆದೆ. ಆಕೆ ಪರದೆಯ ಹತ್ತಿರ ಹೋಗಿ, ಕನ್ನಡಕವನ್ನು ಹಣೆಗೆ ಏರಿಸಿ, ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ಬಂದರು. ಒಂದು ಕಡೆ ಬೆರಳು ನಿಂತಿತು. ಹಿಂದಿನ ಗುರುವಾರ, ರಾತ್ರಿ 2:47, ಹಣಕಾಸು ಕಡತಕೋಶದಿಂದ ಮೂರು ಕಡತಗಳನ್ನು ಹೊರಗಿನ ವಿಳಾಸಕ್ಕೆ ಹಂಚಲಾಗಿದೆ. ಮಾಡಿದವರು: ನಾನು.

"ರಾತ್ರಿ 2 ಗಂಟೆ 47 ನಿಮಿಷಕ್ಕೆ ನೀವು ಎಚ್ಚರವಾಗಿದ್ದಿರಾ?"

ನಾನು ನಕ್ಕು, "ಇಲ್ಲ ಮೇಡಂ, ಅದು ನಮ್ಮ ಲೆಕ್ಕಪತ್ರದ ಏಜೆಂಟ್ ಇರಬೇಕು" ಎಂದೆ.

"ಹಾಗಾದರೆ ಹಸ್ತೆ ಎಲ್ಲಿದೆ?"

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ನಾನು ಇಷ್ಟು ದಿನ ಅದನ್ನೇ ಮೆಲುಕು ಹಾಕುತ್ತಿರಲಿಲ್ಲ. ಹತ್ತು ನಿಮಿಷದ ಹಿಂದೆ ನಾನೇ ಕಲಿಸಿದ ಪದವನ್ನು ತಪಾಸಣೆಯ ಪದವೆಂದು ಸ್ವೀಕರಿಸಿ, ಅದರ ಪ್ರಕಾರ ತಪಾಸಣೆ ನಡೆಸಿದರು, ಅಷ್ಟೇ. ಇವರನ್ನು ಭೇಟಿಯಾಗುವ ಮೊದಲು ನಾನು ಪಾಲುದಾರನ ಬಳಿ "ಹಳೆಯ ಕಾಲದವರು, ನಿಧಾನವಾಗಿ ವಿವರಿಸಬೇಕಾದೀತು" ಎಂದಿದ್ದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಪಾಲುದಾರನ ಬಗ್ಗೆ ನನಗೆ ಆ ಸಂಜೆ ಕೋಪ ಬಂದಿತ್ತು. ಕಾಲು ಒತ್ತುವ ಬದಲು ಬಾಯಿ ಬಿಡಬಹುದಿತ್ತಲ್ಲ. ಆದರೆ ನನಗಿಂತ ಅವನು ಪ್ರಾಮಾಣಿಕ: ನಮ್ಮ ಮನೆಯೊಳಗೆ ಕಸವಿದೆ ಎಂಬುದು ಅವನಿಗೆ ನೆನಪಿತ್ತು, ನಾನು ಮರೆತಿದ್ದೆ. ನಮ್ಮಲ್ಲಿ ಇತ್ತೀಚೆಗೆ ಸೇರಿರುವ ಹುಡುಗನೊಬ್ಬನಿಗೆ ಇದು ಮೊದಲೇ ಗೊತ್ತಿತ್ತಂತೆ. ಏಕೆ ಹೇಳಲಿಲ್ಲ ಎಂದರೆ, "ನಿಮ್ಮ ಹೆಸರಿತ್ತಲ್ಲ ಸರ್, ನೀವೇ ಅಂದುಕೊಂಡೆ" ಎಂದ. ಈ ಉತ್ತರದ ಮೇಲೆ ಅವನನ್ನು ಬೈಯುವುದು ಹೇಗೆಂದು ನನಗೆ ಇನ್ನೂ ತೋಚಿಲ್ಲ.

ನಡೆದದ್ದು ಹೀಗೆ. ಮಾರ್ಚ್ ತಿಂಗಳ ವರ್ಷಾಂತ್ಯದ ಗದ್ದಲದಲ್ಲಿ, ಬಿಲ್ಲುಗಳನ್ನು ಹುಡುಕಿ ಲೆಕ್ಕಪರಿಶೋಧಕರ ಕಚೇರಿಗೆ ಕಳಿಸುವ ಒಂದು ಏಜೆಂಟನ್ನು ನಾನೇ ಒಂದು ರಾತ್ರಿ ಕುಳಿತು ಜೋಡಿಸಿದ್ದೆ. ಅದಕ್ಕೆ ಪ್ರತ್ಯೇಕ ಗುರುತು ಕೊಡಬೇಕಿತ್ತು. ನಮ್ಮದೇ ತಂತ್ರಾಂಶದಲ್ಲಿ ಅದಕ್ಕೆ ಬೇಕಾಗುವುದು ಹೆಚ್ಚೆಂದರೆ ಅರ್ಧ ಗಂಟೆ. ನನ್ನ ಸ್ವಂತ ಟೋಕನ್, ಅಂದರೆ ನನ್ನ ಹೆಸರಿನ ಪ್ರವೇಶ ಚೀಟಿ, ಕೊಡಲು ಬೇಕಾದದ್ದು ಅರ್ಧ ನಿಮಿಷ. "ಎಲ್ಲಕ್ಕೂ ಅನುಮತಿ" ಎಂಬ ಗುಂಡಿ ಒತ್ತಿ, ಆಮೇಲೆ ಸರಿಪಡಿಸೋಣ ಎಂದುಕೊಂಡು ಮಲಗಿದೆ. ಆ ಆಮೇಲೆ ಬರಲೇ ಇಲ್ಲ. ಕಳೆದ ವಾರ ಪರಿಶೋಧಕರ ಕಚೇರಿಯ ಹೊಸ ಗುಮಾಸ್ತರೊಬ್ಬರು, ಕಚೇರಿಯ ಮೇಲ್ ತುಂಬಿದೆಯೆಂದು, ಹಿಂದಿನ ಮೂರು ತಿಂಗಳ ಬಿಲ್ಲುಗಳ ಕಡತಗಳನ್ನು ತಮ್ಮ ಖಾಸಗಿ ವಿಳಾಸಕ್ಕೂ ಕಳಿಸಿ ಎಂದು ಬರೆದಿದ್ದರು. ಏಜೆಂಟ್ ವಿಧೇಯವಾಗಿ ಹಂಚಿತು. ಗುಮಾಸ್ತರು ಒಳ್ಳೆಯವರೇ, ಕಡತಗಳು ಎಲ್ಲೂ ಸೋರಲಿಲ್ಲ, ನಷ್ಟವಾಗಲಿಲ್ಲ. ಆದರೆ ಆ ಮೇಲ್ ಬರೆದವರು ಬೇರೆ ಯಾರಾಗಿದ್ದರೂ ಅದು ಅಷ್ಟೇ ವಿಧೇಯವಾಗಿ ಹಂಚುತ್ತಿತ್ತು. ಓದಲು ಕೊಟ್ಟ ಪಠ್ಯದೊಳಗೆ ಅಡಗಿಸಿದ ಆಜ್ಞೆಯನ್ನು ಪಾಲಿಸಿಬಿಡುವ ಈ ದೌರ್ಬಲ್ಯಕ್ಕೆ 2022ರಲ್ಲಿಯೇ ಪ್ರಾಂಪ್ಟ್ ಇಂಜೆಕ್ಷನ್ ಎಂಬ ಹೆಸರು ಬಿದ್ದಿದೆ, ಅದರ ಮೇಲೆ ನಾನು ಎರಡು ಕಡೆ ಭಾಷಣವನ್ನೂ ಮಾಡಿದ್ದೇನೆ.

ಮಂಗಳವಾರ ರಾತ್ರಿ ಮನೆಗೆ ಬಂದು ಟೋಕನನ್ನು ಬಿಡಿಸಿ ನೋಡಿದೆ. ಟೋಕನ್ ಎಂದರೆ ಕೆಲವು ಸಾಲುಗಳ ಒಂದು ಚೀಟಿ, ಕೆಳಗೆ ಗಣಿತದ ಸಹಿ. ಅದರಲ್ಲಿ "ಸಬ್" ಎಂಬ ಅಂಕಣವಿರುತ್ತದೆ. ಯಾರ ಖಾತೆ ಎಂಬುದನ್ನು ಅದು ಹೇಳುತ್ತದೆ. ಅಲ್ಲಿ ನಾನಿದ್ದೆ. "ಆಕ್ಟ್" ಎಂಬ ಇನ್ನೊಂದು ಅಂಕಣವಿರಬಹುದು. ಯಾರ ಕೈ ಎಂಬುದನ್ನು ಅದು ಹೇಳುತ್ತದೆ. ಅದು ಇರಲೇ ಇಲ್ಲ. ಇದು ನಾವು ಕಂಡುಹಿಡಿದ ವಿದ್ಯೆಯಲ್ಲ. 2020ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 8693 ಎಂಬ ಇಂಟರ್ನೆಟ್ ಮಾನದಂಡದಲ್ಲಿ ಇದು ಸ್ಪಷ್ಟವಾಗಿದೆ: ಒಬ್ಬರ ಪರವಾಗಿ ಇನ್ನೊಬ್ಬರು ತಮ್ಮ ಗುರುತನ್ನು ಉಳಿಸಿಕೊಂಡು ಮಾಡುವ ಕೆಲಸ ಬೇರೆ, ಇನ್ನೊಬ್ಬರೇ ಆಗಿಹೋಗಿ ಮಾಡುವ ಕೆಲಸ ಬೇರೆ. ಮೊದಲನೆಯದು ಹಸ್ತೆ ಬರೆದ ಸಾಲು, ಎರಡನೆಯದು ವೇಷ. ನಾನು ನನ್ನ ಏಜೆಂಟಿಗೆ ಕೊಟ್ಟದ್ದು ವೇಷ.

ಹದಿನೆಂಟು ಇಪ್ಪತ್ತು ವರ್ಷಗಳ ಹಿಂದೆ ಹೊಸ ಜಾಲತಾಣವೊಂದಕ್ಕೆ ಸೇರಿದರೆ, ನಿಮ್ಮ ಗೆಳೆಯರನ್ನು ಹುಡುಕಿಕೊಡುತ್ತೇವೆ ಎಂದು ಅದು ನಿಮ್ಮ ಮೇಲ್ ಖಾತೆಯ ಪಾಸ್‌ವರ್ಡನ್ನೇ ಕೇಳುತ್ತಿತ್ತು; ನಾವೂ ಸಂಕೋಚವಿಲ್ಲದೆ ಕೊಡುತ್ತಿದ್ದೆವು. ಆ ಅವಿವೇಕಕ್ಕೆ ಪರಿಹಾರವೆಂದು, ಪಾಸ್‌ವರ್ಡ್ ಕೊಡದೆ ಅನುಮತಿಯನ್ನಷ್ಟೇ ಕೊಡುವ ಓಆತ್ ಎಂಬ ವ್ಯವಸ್ಥೆ 2007ರಲ್ಲಿ ಬಂತು, 2012ರಲ್ಲಿ ಅದರ ಎರಡನೆಯ ಆವೃತ್ತಿ. ಇಂದು ನೀವು ಯಾವುದೇ ಆ್ಯಪಿನಲ್ಲಿ "ಅನುಮತಿಸಿ" ಎಂದು ಒತ್ತುವಾಗ ಹಿಂದೆ ಓಡುತ್ತಿರುವುದು ಬಹುಮಟ್ಟಿಗೆ ಅದೇ. ಎದುರಿಗೆ ಒಬ್ಬ ಮನುಷ್ಯ ಕುಳಿತಿದ್ದಾನೆ, ಅವನು ಪರದೆಯನ್ನು ಓದಿ ಒಪ್ಪುತ್ತಾನೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಏಜೆಂಟುಗಳಿಗೆ ಉಪಕರಣಗಳನ್ನು ಜೋಡಿಸುವ ಎಂಸಿಪಿ ಎಂಬ ಒಪ್ಪಂದವನ್ನು ಆಂತ್ರೋಪಿಕ್ ಕಂಪನಿ 2024ರ ನವೆಂಬರಿನಲ್ಲಿ ಪ್ರಕಟಿಸಿದಾಗ ಅದರಲ್ಲಿ ಅಧಿಕಾರ ನೀಡಿಕೆಯ ನಿಯಮಗಳೇ ಇರಲಿಲ್ಲ. 2025ರ ಮಾರ್ಚಿನಲ್ಲಿ ಸೇರಿದವು, ಜೂನಿನಲ್ಲಿ ತಿದ್ದುಪಡಿಯಾದವು. ಒಬ್ಬರಿಗೆಂದು ಬರೆದ ಚೀಟಿಯನ್ನು ಇನ್ನೊಬ್ಬರ ಅಂಗಡಿಯಲ್ಲಿ ತೋರಿಸುವಂತಿಲ್ಲ ಎಂಬ ಕಟ್ಟುಪಾಡು ಗಟ್ಟಿಯಾದದ್ದು ಆ ತಿದ್ದುಪಡಿಯಲ್ಲಿ. ಆ ಎಡೆಯಲ್ಲಿ ಲೋಕವೆಲ್ಲ ನನ್ನಂತೆಯೇ ಅರ್ಧ ನಿಮಿಷದ ದಾರಿಯನ್ನು ಹಿಡಿದಿತ್ತು ಎಂಬುದು ನನಗೆ ಸಮಾಧಾನವೇನಲ್ಲ. ಆ ಲೋಕಕ್ಕೆ ಬುದ್ಧಿ ಹೇಳುತ್ತೇನೆಂದು ನಾನು ಅಂಗಡಿ ತೆರೆದವನು.

ನಾರ್ಮ್ ಹಾರ್ಡಿ ಎಂಬ ತಂತ್ರಜ್ಞ 1988ರಲ್ಲಿ ಬರೆದ ಒಂದು ಪುಟ್ಟ ಲೇಖನವನ್ನು ನಮ್ಮಲ್ಲಿ ಸೇರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಓದಲು ಕೊಡುತ್ತೇನೆ. ಟೈಮ್‌ಶೇರ್ ಎಂಬ ಕಂಪನಿಯ ಕಂಪ್ಯೂಟರಿನಲ್ಲಿ ಫೋರ್‌ಟ್ರಾನ್ ಕಂಪೈಲರ್, ಅಂದರೆ ಫೋರ್‌ಟ್ರಾನ್ ಭಾಷೆಯ ಪ್ರೋಗ್ರಾಮುಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ, ಇತ್ತು. ಬಳಕೆಯ ಅಂಕಿಅಂಶ ಬರೆದಿಡಲೆಂದು ಅದಕ್ಕೆ ವ್ಯವಸ್ಥೆಯ ಕಡತಕೋಶದಲ್ಲಿ ಬರೆಯುವ ಅಧಿಕಾರ ಕೊಟ್ಟಿದ್ದರು. ಗಿರಾಕಿಗಳ ಬಿಲ್ಲಿನ ಕಡತವೂ ಅದೇ ಕೋಶದಲ್ಲಿತ್ತು. ಬಳಕೆದಾರನೊಬ್ಬ, ದೋಷ ಪತ್ತೆಯ ವರದಿಯನ್ನು ಬರೆಯಬೇಕಾದ ಕಡತ ಇದು ಎಂದು ಆ ಬಿಲ್ಲಿನ ಕಡತದ ಹೆಸರನ್ನೇ ಕೊಟ್ಟ. ಕಂಪೈಲರ್ ತನ್ನ ಅಧಿಕಾರ ಬಳಸಿ ಅದರ ಮೇಲೆ ಬರೆಯಿತು, ಬಿಲ್ಲಿನ ಮಾಹಿತಿ ಅಳಿಸಿಹೋಯಿತು. ಅವನಿಗಿಲ್ಲದ ಅಧಿಕಾರವನ್ನು ಅವನ ಮಾತಿನ ಮೇಲೆ ಅದು ಚಲಾಯಿಸಿತ್ತು. ಕನ್‌ಫ್ಯೂಸ್ಡ್ ಡೆಪ್ಯುಟಿ ಎಂದು ಹಾರ್ಡಿ ಅದನ್ನು ಕರೆದರು. ನಾನು ಕಕ್ಕಾಬಿಕ್ಕಿಯಾದ ಕಾರಕೂನ ಎನ್ನುತ್ತೇನೆ. ಯಾರ ಮಾತಿಗೆ ಯಾರ ಅಧಿಕಾರವನ್ನು ಬಳಸುತ್ತಿದ್ದೇನೆ ಎಂಬ ವಿವೇಕ ಅವನಿಗಿರುವುದಿಲ್ಲ. ಗುರುವಾರ ರಾತ್ರಿ ಪರಿಶೋಧಕರ ಗುಮಾಸ್ತರ ಮಾತಿಗೆ ನನ್ನ ಅಧಿಕಾರ ಬಳಕೆಯಾಯಿತು. ಲೇಖನವನ್ನು ಹಂಚುವವನು ನಾನೇ, ಓದಬೇಕಾದವನೂ ನಾನೇ ಆಗಿದ್ದೆ.

ಬುಧವಾರ ಬೆಳಗ್ಗೆ ಟೋಕನ್ ರದ್ದು ಮಾಡಲು ಕುಳಿತೆವು. 11 ಗಂಟೆ 12 ನಿಮಿಷಕ್ಕೆ ನಾನೇ ಗುಂಡಿ ಒತ್ತಿದೆ. ಪರದೆಯ ಮೇಲೆ "ರದ್ದಾಗಿದೆ" ಎಂದು ಬಂತು. ಚಹಾ ತರಿಸಿದೆವು. 11:31ಕ್ಕೆ ದಾಖಲೆಯಲ್ಲಿ ಹೊಸ ಸಾಲೊಂದು ಮೂಡಿತು: ನನ್ನ ಹೆಸರಿನಲ್ಲಿ ಒಂದು ಕಡತ ಓದಲಾಗಿದೆ. ನಾನು ಎರಡೂ ಕೈಗಳಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದೆ. ಆ ಹುಡುಗ ಮೆಲ್ಲಗೆ, "ಅವರಿಗೆ ಇನ್ನೂ ಗೊತ್ತಾಗಿಲ್ಲ ಸರ್" ಎಂದ. ಅವರು ಎಂದರೆ ಕಡತ ಇಟ್ಟುಕೊಂಡಿರುವ ಸೇವೆ. ಪ್ರತಿ ಸಲವೂ ಚೀಟಿ ಕೊಟ್ಟವರನ್ನು ಕೇಳಿ ಬರಲು ಅದಕ್ಕೆ ಪುರುಸೊತ್ತಿಲ್ಲ. ಸಹಿ ಸರಿಯಿದೆಯೇ, ಅವಧಿ ಉಳಿದಿದೆಯೇ ಎಂದಷ್ಟೇ ನೋಡುತ್ತದೆ. ಏಜೆಂಟ್ ಮತ್ತೆ ಮತ್ತೆ ಹೊಸದಾಗಿ ಪಡೆಯುವ ಆ ಚೀಟಿಯ ಆಯುಷ್ಯ ಒಂದು ಗಂಟೆ, ಆಗ ಅದರ ಕೈಯಲ್ಲಿದ್ದದ್ದು 10:58ಕ್ಕೆ ಹುಟ್ಟಿದ್ದು. ಹೀಗಾಗಿ 11:58ರವರೆಗೆ ಆರು ಜನರೂ ಕುಳಿತು, ನನ್ನ ಹೆಸರು ಹೊತ್ತ ಏಜೆಂಟ್ ನನ್ನ ಅಪ್ಪಣೆಯಿಲ್ಲದೆ ಕೆಲಸ ಮಾಡುವುದನ್ನು ನೋಡಿದೆವು. ಅದನ್ನು ಓಡಿಸುತ್ತಿದ್ದದ್ದು ಕಚೇರಿಯ ಮೂಲೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್; ತಂತಿ ಕಿತ್ತರೆ ಮುಗಿಯುತ್ತಿತ್ತು. ಕೀಳೋಣವೇ ಎಂದು ಪಾಲುದಾರ ಕೇಳಿದ. ಬೇಡ ಎಂದೆ. ಗಿರಾಕಿಗಳ ಏಜೆಂಟ್ ಎಲ್ಲೋ ದೂರದ ಸರ್ವರಿನಲ್ಲಿರುತ್ತದೆ, ಅವರಿಗೆ ಕೀಳಲು ತಂತಿ ಸಿಗುವುದಿಲ್ಲ. 11:49ಕ್ಕೆ ಇನ್ನೊಂದು ಸಾಲು. ಆಮೇಲೆ ಮೌನ. ಮಧ್ಯಾಹ್ನ ನೋಡಿದರೆ, ಆ ಏಜೆಂಟ್ ತನ್ನ ಸಹಾಯಕ್ಕೆಂದು ಎಬ್ಬಿಸಿದ್ದ ಇನ್ನೊಂದು ಏಜೆಂಟ್ ನನ್ನದೇ ಒಪ್ಪಿಗೆಯ ಮೇಲೆ ಬೇರೆಯೇ ಟೋಕನ್ ಪಡೆದು ಯಥಾಪ್ರಕಾರ ಓಡುತ್ತಿತ್ತು.

ಆಗ ನೆನಪಾದದ್ದು ಅಪ್ಪನ ಅಂಗಡಿಯ ಕಥೆಯಲ್ಲಿ ನಾನು ಗಿರಾಕಿಗಳಿಗೆ ಹೇಳದೆ ಬಿಡುವ ಭಾಗ. ನಾನು ಎಂಟನೆಯ ತರಗತಿಯಲ್ಲಿದ್ದೆ. ಒಬ್ಬ ವಕೀಲರ ಮನೆಯ ಆಳು ಪ್ರತಿ ವಾರ ಚೀಟಿ ತರುತ್ತಿದ್ದ. ಕೊನೆಕೊನೆಗೆ ಚೀಟಿಯಿಲ್ಲದೆ ಬಾಯಿಮಾತಿನಲ್ಲೇ ಒಯ್ಯುತ್ತಿದ್ದ, ಅಪ್ಪ ಹಸ್ತೆ ಬರೆದುಕೊಳ್ಳುತ್ತಿದ್ದರು. ವಕೀಲರು ಅವನನ್ನು ಕೆಲಸದಿಂದ ಬಿಡಿಸಿದರು, ಅಂಗಡಿಗೆ ತಿಳಿಸಲಿಲ್ಲ. ಅವನು ಎರಡು ವಾರ ಅವರ ಹೆಸರಿನಲ್ಲಿ ಎಣ್ಣೆ, ಸಕ್ಕರೆ ಒಯ್ದ. ತಿಂಗಳ ಕೊನೆಗೆ ವಹಿಯನ್ನು ತಿರುಗಿಸಿ ತೋರಿಸಿದಾಗ ವಕೀಲರು, "ಅವನನ್ನ ಬಿಡಿಸಿ ಹದಿನೈದು ದಿನಾತು" ಎಂದರು. "ನನಗ ಹೇಳಬೇಕಿತ್ತಲ್ರಿ" ಎಂದರು ಅಪ್ಪ. ವಕೀಲರು ಆ ದುಡ್ಡು ಕೊಡಲಿಲ್ಲ, ಮತ್ತೆ ಆ ಅಂಗಡಿಗೆ ಬರಲೂ ಇಲ್ಲ. ಅಪ್ಪ ಆ ಸಾಲುಗಳ ಮೇಲೆ ಗೆರೆ ಎಳೆಯುವುದನ್ನು ನಾನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಹಸ್ತೆ ಬರೆದಿದ್ದರೂ ಅಪ್ಪ ಸೋತರು ಎಂಬುದು ಮಾರಾಟದ ಮಾತಿಗೆ ಹೊಂದುವುದಿಲ್ಲವಾದ್ದರಿಂದ ಪೆಪ್ಪರಮಿಂಟಿನವರೆಗೆ ಹೇಳಿ ನಿಲ್ಲಿಸುತ್ತಿದ್ದೆ.

ಬುಧವಾರ ರಾತ್ರಿ, ನಿದ್ದೆ ಬಾರದೆ, ಭಾರತೀಯ ಕರಾರು ಅಧಿನಿಯಮವನ್ನು ತೆಗೆದು ಓದಿದೆ. 1872ರ ಕಾಯಿದೆ, ಏಜೆಂಟ್ ಎಂಬ ಪದಕ್ಕೆ 182ನೆಯ ಕಲಮಿನಲ್ಲಿ ಕೊಟ್ಟಿರುವ ಅರ್ಥ ನಮ್ಮ ಜಾಹೀರಾತಿನಲ್ಲಿರುವುದಕ್ಕಿಂತ ಎಷ್ಟೋ ಚೆನ್ನಾಗಿದೆ. 208ನೆಯ ಕಲಮಿನ ಪ್ರಕಾರ, ಏಜೆಂಟನ ಅಧಿಕಾರ ಕೊನೆಗೊಂಡದ್ದು ಏಜೆಂಟನ ಮಟ್ಟಿಗೆ ಅವನಿಗೆ ತಿಳಿಯುವವರೆಗೆ, ಮೂರನೆಯವರ ಮಟ್ಟಿಗೆ ಅವರಿಗೆ ತಿಳಿಯುವವರೆಗೆ ಜಾರಿಗೆ ಬರುವುದಿಲ್ಲ. ಅಂದರೆ ಎಣ್ಣೆಯ ದುಡ್ಡು ಅಪ್ಪನಿಗೆ ಬರಬೇಕಾಗಿತ್ತು, ವಕೀಲರಿಗೆ ಈ ಕಲಂ ಗೊತ್ತಿರಲಿಲ್ಲವೆಂದು ನಂಬುವುದು ನನಗೆ ಕಷ್ಟ. "ಅವರಿಗೆ ಇನ್ನೂ ಗೊತ್ತಾಗಿಲ್ಲ ಸರ್" ಎಂದು ನಮ್ಮ ಹುಡುಗ ಹೇಳಿದ್ದೂ ಇದೇ ಕಲಂ. 210ನೆಯದು ಇನ್ನೂ ಹತ್ತಿರಕ್ಕೆ ಬಂದು ಚುಚ್ಚಿತು: ಏಜೆಂಟನ ಅಧಿಕಾರ ಕೊನೆಗೊಂಡರೆ ಅವನು ನೇಮಿಸಿದ ಉಪ ಏಜೆಂಟರೆಲ್ಲರ ಅಧಿಕಾರವೂ ಕೊನೆಗೊಳ್ಳುತ್ತದೆ. ನಮ್ಮ ರದ್ದತಿಯ ಗುಂಡಿ ಇದನ್ನು ಮಾಡುತ್ತಿರಲಿಲ್ಲ. ಈಗ ಮಾಡುತ್ತದೆ; ಗುರುವಾರ, ಶುಕ್ರವಾರ ಎರಡು ದಿನ ಬೇರೆ ಕೆಲಸವನ್ನೆಲ್ಲ ನಿಲ್ಲಿಸಿ ಅದನ್ನೇ ಬರೆದೆವು, ಚೀಟಿಯ ಆಯುಷ್ಯವನ್ನು ಒಂದು ಗಂಟೆಯಿಂದ ಐದು ನಿಮಿಷಕ್ಕೆ ಇಳಿಸಿದೆವು. ಐದು ನಿಮಿಷವೂ ಸೊನ್ನೆಯಲ್ಲ.

ಅಧಿಕಾರ ಕೊಡುವ ಕಡೆಗೆ ನಮ್ಮಲ್ಲಿ ಬುದ್ಧಿಗೇನೂ ಬರವಿಲ್ಲ. ಮನೆಯವರಿಗೋ ಆಪ್ತರಿಗೋ ನಮ್ಮ ಖಾತೆಯಿಂದ ಹಣ ಪಾವತಿಸಲು ಬಿಡುವ ಯುಪಿಐ ಸರ್ಕಲ್ 2024ರಲ್ಲಿ ಬಂದಾಗಲೇ ಪೂರ್ಣ ಅಧಿಕಾರ ಕೊಟ್ಟರೆ ತಿಂಗಳಿಗೆ 15,000 ರೂಪಾಯಿ, ಒಂದು ಪಾವತಿಗೆ 5,000 ರೂಪಾಯಿ ಎಂಬ ಮಿತಿ ಇಟ್ಟುಕೊಂಡೇ ಬಂತು. ನಾನು ನನ್ನ ಏಜೆಂಟಿಗೆ ಒಂದು ಅಂಕೆಯನ್ನೂ ಬರೆದಿರಲಿಲ್ಲ.

ಗುರುವಾರ ಸಂಜೆ ಆಕೆಗೆ ಕರೆ ಮಾಡಿ ನಡೆದದ್ದನ್ನೆಲ್ಲ ಹೇಳಿದೆ, ಗುಂಡಿ ಕೆಲಸ ಮಾಡದ್ದನ್ನೂ ಮುಚ್ಚಿಡಲಿಲ್ಲ. ಅವರು ಬ್ಯಾಂಕಿನ ದಿನಗಳ ಮಾತು ತೆಗೆದರು. ಅಲ್ಲಿ ಪ್ರತಿ ನಮೂದಿಗೂ ಎರಡು ಹೆಸರು, ಹಾಕಿದವರದು ಮತ್ತು ಒಪ್ಪಿದವರದು. ಮದುವೆಗೆ ಹೋಗಬೇಕೆಂದು ಪಕ್ಕದ ಮೇಜಿನವರಿಗೆ ಪಾಸ್‌ವರ್ಡ್ ಕೊಟ್ಟು ಹೋದ ಎಷ್ಟೋ ಜನರಿಗೆ ತಾವೇ ಚಾರ್ಜ್‌ಶೀಟ್ ಬರೆದಿರುವುದಾಗಿ ಹೇಳಿದರು. "ಅವರಲ್ಲಿ ಹೆಚ್ಚಿನವರು ಕಳ್ಳರಲ್ಲ, ಅವಸರದವರು" ಎಂದರು. ಕೊಳ್ಳುತ್ತೇವೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಮಾರ್ಚಿನಿಂದ ಈಚೆಗೆ ನನ್ನ ಹೆಸರಿನಲ್ಲಿರುವ ಎಲ್ಲ ಸಾಲುಗಳಿಗೆ ಹಸ್ತೆ ತುಂಬಿಸಿ ಕಳಿಸಿ, ಆಮೇಲೆ ಮಾತಾಡೋಣ ಎಂದರು.

ನಿನ್ನೆ ರಾತ್ರಿ ಅದಕ್ಕೆ ಕುಳಿತೆ. ಎರಡು ಸಾವಿರಕ್ಕೂ ಹೆಚ್ಚು ಸಾಲುಗಳು. ನಡುರಾತ್ರಿಯವು ಸುಲಭ: ಹಸ್ತೆ ಏಜೆಂಟ್. ನಾನು ರೈಲಿನಲ್ಲಿದ್ದ ಹೊತ್ತಿನವೂ ಸುಲಭ. ಹಗಲಿನವು ಕಷ್ಟ. ನನ್ನ ಕಂಪ್ಯೂಟರೂ ಆ ಲ್ಯಾಪ್‌ಟಾಪೂ ಒಂದೇ ಕಚೇರಿಯಲ್ಲಿ, ಒಂದೇ ಇಂಟರ್ನೆಟ್ ವಿಳಾಸದಲ್ಲಿ, ಒಂದೇ ಟೋಕನ್ ಹಿಡಿದು ಕೂತಿದ್ದವು. ಮಾರ್ಚಿನ ಅನಂತರ ಬಿಲ್ಲು ಮಾತ್ರವಲ್ಲ, ಸಣ್ಣಪುಟ್ಟ ಉತ್ತರಗಳನ್ನೂ ಅದರಿಂದ ಬರೆಸತೊಡಗಿದ್ದೆ. ಕೆಲವನ್ನು ಓದಿ ಕಳಿಸಿದ್ದೆ, ಕೆಲವನ್ನು ಓದದೆ, ಕೆಲವನ್ನು ಅದೇ ಕಳಿಸಿತ್ತು. ಬರೆಯುವ ಧಾಟಿ ನೋಡಿ ಗುರುತಿಸೋಣವೆಂದರೆ, ನನ್ನ ಧಾಟಿಯನ್ನೇ ಅನುಸರಿಸು ಎಂದು ಅದಕ್ಕೆ ಹೇಳಿದವನೂ ನಾನೇ.

ಏಪ್ರಿಲ್ 9, ಬೆಳಗ್ಗೆ 11:20ರ ಸಾಲಿನ ಮುಂದೆ ಬಹಳ ಹೊತ್ತು ಕುಳಿತಿದ್ದೆ. ಕೆಲಸಕ್ಕೆ ಅರ್ಜಿ ಹಾಕಿದ್ದ, ಕೊಪ್ಪಳದ ಕಡೆಯ ಹುಡುಗಿಗೆ ಹೋದ ನಿರಾಕರಣೆಯ ಪತ್ರ ಅದು. ಸಂದರ್ಶನ ನಡೆಸಿದವನು ನಾನು, ಅವಳ ಮುಖವೂ ನೆನಪಿದೆ. ಪತ್ರದಲ್ಲಿ ನಾಲ್ಕೇ ವಾಕ್ಯಗಳು, ಮೂರನೆಯದು ಹೀಗಿತ್ತು: "ಉತ್ತರ ತಿಳಿಯದ ಕಡೆ ತಿಳಿಯದು ಎಂದು ನೀವು ನೇರವಾಗಿ ಹೇಳಿದ್ದು ನನಗೆ ಹಿಡಿಸಿತು." ಅದು ನಾನು ಬರೆಯಬಹುದಾದ ವಾಕ್ಯ. ಅಂದು ಮಧ್ಯಾಹ್ನ ಅವಳು ಧನ್ಯವಾದ ಹೇಳಿ ಬರೆದ ಉತ್ತರವೂ ಅದರ ಕೆಳಗಿತ್ತು. ಆ ವಾಕ್ಯವನ್ನು ತಾಯಿಗೆ ಓದಿ ಹೇಳಿದೆ ಎಂದು ಬರೆದಿದ್ದಳು. ಆ ಉತ್ತರವನ್ನು ನಾನು ಮೊದಲ ಸಲ ಓದಿದ್ದು ನಿನ್ನೆ ರಾತ್ರಿ.

ಆ ಸಾಲಿನ ಹಸ್ತೆಯ ಅಂಕಣದಲ್ಲಿ "ಗೊತ್ತಿಲ್ಲ" ಎಂದು ಬರೆದೆ. ಅಂಥವು ಒಟ್ಟು ನಲವತ್ತೊಂದಾದವು. ಪಟ್ಟಿಯನ್ನು ಇಂದು ಬೆಳಗ್ಗೆ, ಮೇಲ್ ತೆರೆದು, ಒಂದೊಂದು ಅಕ್ಷರವನ್ನೂ ನಾನೇ ಒತ್ತಿ ಆಕೆಗೆ ಕಳಿಸಿದ್ದೇನೆ.